ಸಾಂಬಾರ್ ಬಟ್ಟಲು ನಡೆದ ಪ್ರಕರಣ

ಕಳೆದ ಡಿಸೆಂಬರಿನ ಒಂದು ಬೆಳಗ್ಗೆ, ಅರಸೀಕೆರೆಯ ಒಂದು ಹೋಟೆಲಿನಲ್ಲಿ, ನನ್ನ ಸಾಂಬಾರ್ ಬಟ್ಟಲು ಯಾರೂ ಮುಟ್ಟದೆ ಒಂದು ಗೇಣು ದೂರ ನಡೆದುಕೊಂಡು ಹೋಯಿತು. ನಾಲ್ಕು ಜನ ನೋಡಿದೆವು. ನಾಲ್ಕೂ ಜನಕ್ಕೆ ನಿದ್ದೆ ಬಿಟ್ಟಿತ್ತು, ಹೊಟ್ಟೆ ಹಸಿದಿತ್ತು, ಯಾರಿಗೂ ಜ್ವರ ಇರಲಿಲ್ಲ. ಆ ಬಟ್ಟಲಿನ ಹಿಂದೆ ಬಿದ್ದು ನಾನು ಮೂರು ವಾರ ಕಳೆದೆ. ಅದರ ವರದಿ ಇದು.

ಹಿಂದಿನ ದಿನ ನಾನೂ ನನ್ನ ಭಾವನೂ ಅಲ್ಲಿನ ಈಶ್ವರ ದೇವಸ್ಥಾನ ನೋಡಲು ಬಂದಿದ್ದೆವು. ಹೊಯ್ಸಳರ ಕಾಲದ್ದು, 1220ರ ಹೊತ್ತಿನದು. ಬೇಲೂರು, ಹಳೇಬೀಡು ಅಂತ ಓಡುವವರು ಇದನ್ನು ಇಳಿದು ನೋಡುವುದು ಕಡಿಮೆ. ಮುಂದಿನ ಮಂಟಪ ನಕ್ಷತ್ರದ ಆಕಾರದಲ್ಲಿದೆ, 16 ಮೂಲೆಗಳು. ಭಾವ ಎರಡು ಸಲ ಎಣಿಸಿದ. ಅವನದು ಎಣಿಸುವ ಸ್ವಭಾವ. ನನ್ನದು ಸುಮ್ನೆ ನಿಂತು ನೋಡುವ ಸ್ವಭಾವ. ಮಾರನೆಯ ದಿನ ಎರಡೂ ಬೇಕಾಯಿತು.

ನಡೆದದ್ದು

ರೈಲು ನಿಲ್ದಾಣದ ಹತ್ತಿರದ ಸಣ್ಣ ಹೋಟೆಲು. ಬೆಳಗ್ಗೆ ಏಳೂವರೆ. ಧನುರ್ಮಾಸದ ಚಳಿ, ಬಾಯಿ ಬಿಟ್ಟರೆ ಹೊಗೆ. ಮೇಜಿನ ಮೇಲೆ ಕಪ್ಪು ಕಡಪ ಕಲ್ಲು ಹಾಸಿತ್ತು. ಮೊಣಕೈ ಊರಿದರೆ ಅಂಗಿಯ ತೋಳು ದಾಟಿ ತಣ್ಣಗೆ ಕೊರೆಯುತ್ತಿತ್ತು.

ಒಂದು ಪಕ್ಕ ನಾನು ಮತ್ತು ಭಾವ. ಎದುರಿಗೆ ಒಬ್ಬ ವಯಸ್ಸಾದ ಯಜಮಾನರು, ಕಿವಿ ಮುಚ್ಚುವ ಹಾಗೆ ಮಫ್ಲರ್ ಸುತ್ತಿದ್ದರು. ಅವರ ಪಕ್ಕ ಕಾಲೇಜಿಗೆ ಹೋಗುವ ಹುಡುಗಿ, ಕಾಲ ಬಳಿ ಬ್ಯಾಗು, ಕಣ್ಣು ಮೊಬೈಲಿನ ಮೇಲೆ. ನನಗೆ ಇಡ್ಲಿ ವಡೆ. ಭಾವನಿಗೂ ಅದೇ, ಆದರೆ ಅವನಿಗೆ ಇಡ್ಲಿ ಸಾಂಬಾರಿನಲ್ಲಿ ಮುಳುಗಿರಬೇಕು, ಹಾಗಾಗಿ ಎಲ್ಲ ಒಂದೇ ತಟ್ಟೆಯಲ್ಲಿ. ಯಜಮಾನರಿಗೆ ಉಪ್ಪಿಟ್ಟು. ಹುಡುಗಿಗೆ ಸೆಟ್ ದೋಸೆ.

ಸಪ್ಲೈಯರ್ ಹುಡುಗ ತಟ್ಟೆ ಇಟ್ಟ. ಆಮೇಲೆ ಕುದಿಯುತ್ತಿದ್ದ ಸಾಂಬಾರನ್ನು ಬಟ್ಟಲಿಗೆ ಬಗ್ಗಿಸಿ ತಟ್ಟೆಯ ಪಕ್ಕಕ್ಕಿಟ್ಟು ಹೋದ. ನಾನು ವಡೆ ಮುರಿಯುತ್ತಿದ್ದೆ.

ಬಟ್ಟಲು ಒಂದು ಬೆರಳಗಲ ಜರುಗಿತು. ನಿಂತಿತು. ಏನೋ ನೆನಪಾಗಿ ನಿಂತವರ ಹಾಗೆ. ಮತ್ತೆ ಹೊರಟಿತು. ಈ ಸಲ ನಿಲ್ಲಲಿಲ್ಲ. ಸದ್ದಿಲ್ಲ, ಕುಲುಕಾಟ ಇಲ್ಲ, ಮೇಲೆ ತೇಲುತ್ತಿದ್ದ ಕರಿಬೇವಿನ ಎಲೆ ಕೂಡ ಅಲುಗಲಿಲ್ಲ. ಮಂಜುಗಡ್ಡೆಯ ಮೇಲೆ ಜಾರಿದ ಹಾಗೆ, ಸ್ವಲ್ಪ ಎಡಕ್ಕೆ ಬಾಗಿ ಹೋಗಿ, ಯಜಮಾನರ ನೀರಿನ ಲೋಟಕ್ಕೆ ತಗುಲಿತು. ಟಿಣ್ ಅಂತ ಒಂದು ಸಣ್ಣ ಸದ್ದು.

ಆಮೇಲೆ ನಡೆದದ್ದು ನನಗೆ ಬಟ್ಟಲಿಗಿಂತ ಜಾಸ್ತಿ ನೆನಪಿದೆ. ನಾಲ್ಕೂ ಜನ ಒಟ್ಟಿಗೆ ಮೇಜಿನಿಂದ ಕೈ ಎತ್ತಿದೆವು. ಹೀಗೆ, ಅಂಗೈ ತೋರಿಸಿ. ಪೊಲೀಸರು ಬಂದ ಹಾಗೆ.

‘ನಾನು ಮುಟ್ಟಿಲ್ಲಪ್ಪ’ ಅಂದರು ಯಜಮಾನರು.

ಹುಡುಗಿ ಫೋಟೋ ತೆಗೆದಳು. ವಿಡಿಯೋ ಮಾಡಬೇಕಿತ್ತು ಅಂತ ಅವಳಿಗೆ ಹೊಳೆಯುವ ಹೊತ್ತಿಗೆ ಬಟ್ಟಲು ಲೋಟಕ್ಕೆ ಒರಗಿ ಸುಮ್ಮನೆ ಕೂತಿತ್ತು. ಹತ್ತು ನಿಮಿಷ ಕಾದೆವು. ಮತ್ತೆ ಅದು ಕದಲಲಿಲ್ಲ. ಇಡ್ಲಿ ಮುಗಿದ ಮೇಲೆ, ಉಳಿದ ಸಾಂಬಾರು ಕುಡಿಯೋಣ ಅಂತ ನಾನು ಬಟ್ಟಲು ಎತ್ತಿದೆ. ಅದು ಕಲ್ಲಿಗೆ ಸ್ವಲ್ಪ ಕಚ್ಚಿಕೊಂಡಿತ್ತು. ಎಳೆದಾಗ ‘ಪ್ಚ್’ ಅಂತ ಬಿಟ್ಟಿತು. ಕೆಳಗೆ ನೀರಿನ ಒಂದು ದುಂಡನೆಯ ಗುರುತು. ನಾನು ಅದಕ್ಕೆ ಗಮನ ಕೊಡಲಿಲ್ಲ. ಸಾಂಬಾರು ಆರಿಹೋಗಿದೆ ಅಂತ ಬೇಜಾರು ಮಾಡಿಕೊಂಡೆ, ಅಷ್ಟೇ.

ಮೇಜಿನ ಸುತ್ತ ಹುಟ್ಟಿದ ಕಾರಣಗಳು

ಮೊದಲ ಕಾರಣ ರೈಲು. ಅರಸೀಕೆರೆ ಜಂಕ್ಷನ್ನು. ಬೆಂಗಳೂರು–ಹುಬ್ಬಳ್ಳಿ ಗಾಡಿಗಳು ಹೋಗುತ್ತವೆ, ಹಾಸನ, ಮೈಸೂರಿನ ಕಡೆಯ ದಾರಿ ಇಲ್ಲೇ ಕವಲೊಡೆಯುತ್ತದೆ. ನೆಲ ನಡುಗಿತು, ಬಟ್ಟಲು ಜರುಗಿತು ಅಂದ ಭಾವ. ಸರಿ ಅನ್ನಿಸಿತು. ಆದರೆ ಬಟ್ಟಲು ನಡೆದಾಗ ಯಾವ ಗಾಡಿಯೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ಗೂಡ್ಸ್ ಗಾಡಿ ಬಂತು. ಕಿಟಕಿ ಗಾಜು ಗಡಗಡ ಅಂದಿತು, ಲೋಟದ ನೀರಿನಲ್ಲಿ ಸಣ್ಣ ಅಲೆ ಎದ್ದಿತು. ಬಟ್ಟಲು ಮಾತ್ರ ಅಲ್ಲೇ ಇತ್ತು. ಭಾವ ಬೋಗಿ ಎಣಿಸಿದ.

ಎರಡನೆಯದು ಹುಡುಗಿಯ ಮೊಬೈಲು. ಅದು ಮೇಜಿನ ಮೇಲೇ ಇತ್ತು, ವೈಬ್ರೇಟ್ ಆಗಿರಬಹುದು ಅಂತ ಅವಳೇ ಹೇಳಿದಳು. ಅವಳಿಂದ ನಂಬರ್ ಕೇಳಿ ಭಾವ ಅಲ್ಲೇ ಕೂತು ಕಾಲ್ ಮಾಡಿದ. ಚಮಚ ಗರ್ರ್ ಅಂದಿತು. ಸಾಂಬಾರಿನ ಮೇಲೆ ನಡುಕ ಕಾಣಿಸಿತು. ಬಟ್ಟಲು ಒಂದು ಕೂದಲೆಳೆಯಷ್ಟೂ ಹೋಗಲಿಲ್ಲ. ಜೊತೆಗೆ ನಾವು ನೋಡಿದ್ದು ನಡುಕ ಅಲ್ಲವೇ ಅಲ್ಲ, ಜಾರಿಕೆ. ಕರಿಬೇವಿನ ಎಲೆ ಸಾಕ್ಷಿ.

ಫ್ಯಾನ್ ಗಾಳಿ? ಆ ಚಳಿಯಲ್ಲಿ ಫ್ಯಾನ್ ಯಾರು ಹಾಕುತ್ತಾರೆ. ಕೆಳಗಿಂದ ಯಾರೋ ಆಯಸ್ಕಾಂತ ಆಡಿಸಿದರೇ? ಭಾವ ನಿಜವಾಗಿಯೂ ಬಗ್ಗಿ ನೋಡಿದ. ಮೇಜಿನ ಒಂದು ಕಾಲಿನ ಕೆಳಗೆ ಮಡಿಸಿಟ್ಟ ರಟ್ಟು ಬಿಟ್ಟು ಬೇರೇನೂ ಸಿಗಲಿಲ್ಲ.

ಆ ರಟ್ಟಿನಿಂದ ಹುಡುಗಿಗೆ ಒಂದು ಯೋಚನೆ ಬಂತು. ಬೆರಳು ಅದ್ದಿ ಕಲ್ಲಿನ ಮೇಲೆ ಒಂದು ದೊಡ್ಡ ಹನಿ ಬಿಟ್ಟಳು. ಹನಿ ಸ್ವಲ್ಪ ಹೊತ್ತು ತಡೆದು, ನಿಧಾನವಾಗಿ ಯಜಮಾನರ ಲೋಟದ ಕಡೆಗೇ ಹರಿಯಿತು. ಮೇಜು ಇಳಿಜಾರು! ಕಣ್ಣಿಗೆ ಕಾಣದಷ್ಟು, ಆದರೆ ಇಳಿಜಾರೇ. ಪ್ರಕರಣ ಮುಗಿಯಿತು ಅಂತ ಎಲ್ಲರೂ ಕಾಫಿ ಹೇಳಿದೆವು.

ಕಾಫಿ ಅರ್ಧಕ್ಕೆ ಬಂದಾಗ ನನಗೆ ಅನುಮಾನ ಶುರುವಾಯಿತು. ಇಳಿಜಾರು ಬೆಳಗ್ಗೆಯಿಂದ ಹಾಗೇ ಇದೆ. ಕಾಫಿ ಲೋಟ ಯಾಕೆ ಹೋಗುತ್ತಿಲ್ಲ? ಬಟ್ಟಲು ಯಾಕೆ ಮೊದಲು ಸುಮ್ಮನಿತ್ತು, ಯಾಕೆ ಹೊರಟಿತು, ಯಾಕೆ ನಡುವೆ ನಿಂತಿತು? ಅಷ್ಟು ಕಡಿಮೆ ಇಳಿಜಾರಿನಲ್ಲಿ ಸ್ಟೀಲು ಕಲ್ಲಿನ ಮೇಲೆ ಜಾರುವುದಿಲ್ಲ, ನಮ್ಮೆಲ್ಲರ ಮನೆಯ ಪಾತ್ರೆಗಳೂ ಅದನ್ನು ದಿನಾ ಹೇಳುತ್ತವೆ. ಇಳಿಜಾರು ಯಾವ ಕಡೆಗೆ ಅನ್ನುವುದನ್ನು ಹೇಳಿತು. ಯಾಕೆ ಅನ್ನುವುದನ್ನು ಹೇಳಲಿಲ್ಲ.

ಯಜಮಾನರಿಗೆ ಈ ತಲೆಬಿಸಿ ಇರಲಿಲ್ಲ. ‘ತೊಂಬತ್ತೈದರಲ್ಲಿ ಗಣಪತಿ ಹಾಲು ಕುಡಿದದ್ದನ್ನೇ ಕಣ್ಣಾರೆ ನೋಡಿದ್ದೀನಿ. ಇದ್ಯಾವ ದೊಡ್ಡದು’ ಅಂದು ಎಲೆಅಡಿಕೆ ಚೀಲ ತೆಗೆದರು.

ಅದನ್ನು ನಾನೂ ನೋಡಿದ್ದೆ. 1995ರ ಸೆಪ್ಟೆಂಬರ್ 21. ನಾನಾಗ ಹೈಸ್ಕೂಲು. ಮಧ್ಯಾಹ್ನದ ಹೊತ್ತಿಗೆ ಊರಿನ ಗಣಪತಿ ಗುಡಿಯ ಮುಂದೆ ಸಾಲು, ಕೈಯಲ್ಲಿ ಚಮಚ, ಪುಟ್ಟ ಲೋಟ. ನನ್ನ ಸರದಿ ಬಂದಾಗ ಚಮಚವನ್ನು ಸೊಂಡಿಲಿಗೆ ತಾಗಿಸಿ ಹಿಡಿದೆ. ಹಾಲು ಕಡಿಮೆಯಾಯಿತು. ಖಂಡಿತ ಕಡಿಮೆಯಾಯಿತು, ನಾನು ಚಮಚ ಓರೆ ಮಾಡಿರಲಿಲ್ಲ ಅಂತ ಇವತ್ತಿಗೂ ಆಣೆ ಮಾಡಬಲ್ಲೆ. ದೇಶದ ತುಂಬ ಅವತ್ತು ಅದೇ ಸುದ್ದಿ. ದೆಹಲಿಯಲ್ಲಿ ಸರ್ಕಾರದ ವಿಜ್ಞಾನಿಗಳು ಒಂದು ಗುಡಿಗೆ ಹೋಗಿ ಹಾಲಿಗೆ ಬಣ್ಣ ಬೆರೆಸಿ ಚಮಚದಲ್ಲಿ ಹಿಡಿದರು. ಬಣ್ಣದ ಹಾಲು ಮೂರ್ತಿಯ ಮೈಮೇಲೆ ತೆಳುವಾಗಿ ಇಳಿದು ಹೋಗುವುದು ಕಾಣಿಸಿತು. ಚಮಚದ ಅಂಚಿನಲ್ಲಿ ಉಬ್ಬಿ ನಿಂತ ಹಾಲು ಕಲ್ಲಿಗೆ ತಾಗಿದ ಕೂಡಲೇ ಕಲ್ಲು ಅದನ್ನು ಎಳೆದುಕೊಳ್ಳುತ್ತದೆ. ಬಿಳಿ ಹಾಲು, ಒದ್ದೆ ಕಲ್ಲು, ತೆಳು ಪದರ. ಹಾಗಾಗಿ ಯಾರಿಗೂ ಕಂಡಿರಲಿಲ್ಲ.

ಇದನ್ನೆಲ್ಲ ಯಜಮಾನರಿಗೆ ಹೇಳಲಿಲ್ಲ. ಅವರು ನನಗಿಂತ ಮೊದಲೇ ಬಿಲ್ ಕೊಟ್ಟು ಹೊರಟಿದ್ದರು. ಆದರೆ ಬಣ್ಣ ಅನ್ನುವ ಮಾತು ತಲೆಯಲ್ಲಿ ಉಳಿಯಿತು.

ರೈಲಿನಲ್ಲಿ ಕೂತು ಕಂಡದ್ದನ್ನೆಲ್ಲ ಬರೆದಿಟ್ಟೆ. ಈಗ ಆ ಹಾಳೆ ನೋಡಿದರೆ ನಗು ಬರುತ್ತದೆ. ಗೂಡ್ಸ್ ಗಾಡಿಯ ಬೋಗಿ ಎಷ್ಟು ಅಂತ ಇದೆ, ಯಜಮಾನರ ಮಫ್ಲರಿನ ಬಣ್ಣ ಇದೆ. ಸಾಂಬಾರು ಎಷ್ಟು ಬಿಸಿ ಇತ್ತು ಅಂತ ಇಲ್ಲ. ಮೇಜು ಒದ್ದೆ ಇತ್ತಾ, ಒಣಗಿತ್ತಾ ಅಂತ ಇಲ್ಲ. ಬಟ್ಟಲಿನ ತಳ ಹೇಗಿತ್ತು ಅಂತ ಇಲ್ಲ. ಬೇಕಾದದ್ದು ಒಂದೂ ಇಲ್ಲ ಅನ್ನಿ.

ಅಡುಗೆಮನೆಯಲ್ಲಿ

ಸಂಜೆ ಒಬ್ಬ ಗೆಳೆಯನಿಗೆ ಫೋನ್ ಮಾಡಿದೆ. ಫಿಸಿಕ್ಸ್ ಮೇಷ್ಟ್ರು. ಕೇಳಿದ ಕೂಡಲೇ ‘ಲೈಡನ್‌ಫ್ರಾಸ್ಟ್’ ಅಂದ. ಅದು ನಮಗೆಲ್ಲ ಗೊತ್ತಿರುವುದೇ. ದೋಸೆ ಕಾವಲಿ ಕಾದಿದೆಯಾ ಅಂತ ನೋಡಲು ನೀರು ಚಿಮುಕಿಸುತ್ತೇವಲ್ಲ, ಚೆನ್ನಾಗಿ ಕಾದಿದ್ದರೆ ಹನಿಗಳು ತಕ್ಷಣ ಆವಿಯಾಗದೆ ಮುತ್ತಿನ ಹಾಗೆ ಉರುಳಾಡುತ್ತವೆ. ಹನಿಯ ಕೆಳಗೆ ಅದರದೇ ಆವಿಯ ಪದರ, ಅದರ ಮೇಲೆ ಹನಿ ತೇಲುತ್ತದೆ. ಲೈಡನ್‌ಫ್ರಾಸ್ಟ್ ಅನ್ನುವ ಜರ್ಮನ್ ವೈದ್ಯ 1756ರಲ್ಲಿ ಇದರ ಬಗ್ಗೆ ಬರೆದ. ಆದರೆ ಅದಕ್ಕೆ ಕಾವಲಿ ಸುಮಾರು 200 ಡಿಗ್ರಿ ಇರಬೇಕು. ಸಾಂಬಾರು ಎಷ್ಟೇ ಕುದಿದರೂ 100ರ ಆಸುಪಾಸು. ಬಟ್ಟಲಿಗೆ ಬಿದ್ದು ಮೇಜಿಗೆ ಬರುವ ಹೊತ್ತಿಗೆ ಇನ್ನೂ ಕಡಿಮೆ. ಕೆಳಗಿನ ನೀರು ಕುದಿಯುವ ಮಾತೇ ಇಲ್ಲ. ಮೇಷ್ಟ್ರು ಹ್ಞೂಂ ಅಂದು ಫೋನ್ ಇಟ್ಟ. ಆದರೂ ಬಟ್ಟಲಿನ ಕೆಳಗೆ ಏನೋ ಇದೆ ಅನ್ನುವ ಎಳೆ ಅವನಿಂದಲೇ ಸಿಕ್ಕಿದ್ದು.

ನಮ್ಮ ಅಡುಗೆಕಟ್ಟೆಯೂ ಕಡಪ ಕಲ್ಲಿನದೇ. ಸಿಂಕಿನ ಕಡೆಗೆ ಸ್ವಲ್ಪ ಇಳಿಜಾರು ಕೊಟ್ಟೇ ಹಾಕಿರುತ್ತಾರೆ, ಚೆಲ್ಲಿದ ನೀರು ಹರಿದು ಹೋಗಲಿ ಅಂತ. ಪ್ರಯೋಗಕ್ಕೆ ಹೇಳಿ ಮಾಡಿಸಿದ ಜಾಗ. ರಾತ್ರಿ ಊಟವಾದ ಮೇಲೆ ಬಟ್ಟಲಿಗೆ ಬಿಸಿನೀರು ಹಾಕಿ ಇಟ್ಟೆ. ಏನೂ ಆಗಲಿಲ್ಲ. ಇನ್ನೊಂದು ಬಟ್ಟಲು. ಏನೂ ಆಗಲಿಲ್ಲ. ಲೋಟ, ದಬರಿ, ಹಾಲಿನ ಪಾತ್ರೆ. ಎಲ್ಲವೂ ಮರ್ಯಾದೆಯಿಂದ ಇಟ್ಟಲ್ಲೇ ಇದ್ದವು. ಎರಡು ರಾತ್ರಿ ಹೀಗೇ ಹೋಯಿತು.

ಮೂರನೇ ದಿನ ಹುಡುಗಿಯ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ. ಅವಳು ಅದನ್ನು ಭಾವನ ನಂಬರಿಗೆ ಕಳಿಸಿದ್ದಳು. ಬಟ್ಟಲು, ಲೋಟ, ಅರ್ಧ ವಡೆ. ಆಮೇಲೆ ಕಲ್ಲಿನ ಮೇಲೆ ಬೆಳಕು ಬಿದ್ದ ಕಡೆ, ಕಮಾನು ಕಮಾನಾಗಿ ತೆಳು ಗೆರೆಗಳು. ಒದ್ದೆ ಬಟ್ಟೆಯಲ್ಲಿ ಒರೆಸಿದ ಗುರುತು! ನಾವು ಕೂರುವ ಮುಂಚೆ ಹುಡುಗ ಮೇಜು ಒರೆಸಿ ಹೋಗಿದ್ದ. ನಾಲ್ಕು ಜನರಲ್ಲಿ ಒಬ್ಬರಿಗೂ ಅದು ಘಟನೆ ಅಂತ ಅನ್ನಿಸಿರಲಿಲ್ಲ. ಹೋಟೆಲಿನಲ್ಲಿ ಮೇಜು ಒರೆಸುವುದನ್ನು ಯಾರು ನೋಡುತ್ತಾರೆ?

ಕಟ್ಟೆ ಒರೆಸಿ ಮತ್ತೆ ಇಟ್ಟೆ. ಒಂದು ಬಟ್ಟಲು ಚೂರು ಅಲುಗಿದ ಹಾಗಾಯಿತು. ಖಾತ್ರಿ ಇಲ್ಲ. ಬೇಸರ ಬಂದು ಎಲ್ಲ ಅಲ್ಲೇ ಬಿಟ್ಟು ಮಲಗಿದೆ.

ಬೆಳಗ್ಗೆ ಹೆಂಡತಿ ಕರೆದಳು. ‘ಇದೇನು, ಬಟ್ಟಲಿಗೆ ಅಂಟು ಹಾಕಿದ್ದೀರಾ?’ ರಾತ್ರಿ ಬಿಸಿನೀರು ಹಾಕಿಟ್ಟಿದ್ದ ಒಂದು ಬಟ್ಟಲು ಕಲ್ಲಿಗೆ ಕಚ್ಚಿಕೊಂಡಿತ್ತು. ನಾನು ಹೋಗಿ ಎಳೆದೆ. ‘ಪ್ಚ್.’

ಆ ಸದ್ದು ಕೇಳಿದ್ದೇ ತಡ, ಅರಸೀಕೆರೆಯ ಮೇಜು ಕಣ್ಣ ಮುಂದೆ ಬಂತು. ಅಲ್ಲೂ ಇದೇ ಸದ್ದು. ಆರಿದ ಮೇಲೆ ಬಟ್ಟಲು ಕಲ್ಲನ್ನು ಹೀರಿ ಹಿಡಿದಿದೆ. ಅಂದರೆ ತಳದಲ್ಲಿ ಗಾಳಿ ಸಿಕ್ಕಿಕೊಂಡಿತ್ತು. ಅದು ತಣ್ಣಗಾಗಿ ಕುಗ್ಗಿತು, ಬಟ್ಟಲು ಅಂಟಿತು. ತಣ್ಣಗಾದರೆ ಎಳೆಯುತ್ತದೆ ಅಂದಮೇಲೆ, ಬಿಸಿಯಾದರೆ ತಳ್ಳಬೇಕು ತಾನೆ?

ಮನೆಯ ಪಾತ್ರೆಗಳನ್ನೆಲ್ಲ ಬೋರಲು ಹಾಕಿ ತಳ ನೋಡಿದೆ. ನಲವತ್ತು ವರ್ಷದಿಂದ ಇವುಗಳಲ್ಲಿ ಉಂಡಿದ್ದೇನೆ, ತಳ ನೋಡಿದ್ದು ಅವತ್ತೇ. ಕೆಲವು ಪೂರ್ತಿ ಚಪ್ಪಟೆ. ಕೆಲವು ಹಳತಾಗಿ ಹೊರಕ್ಕೆ ಉಬ್ಬಿದವು, ಇಟ್ಟರೆ ಗಿರಗಿರ ತಿರುಗುತ್ತವೆ. ಇನ್ನು ಕೆಲವಕ್ಕೆ ಸುತ್ತ ಒಂದು ಬಳೆಯ ಹಾಗೆ ಅಂಚು, ನಡುವೆ ತುಸು ಒಳಕ್ಕೆ ಹೋದ ತಗ್ಗು. ಕಚ್ಚಿಕೊಂಡದ್ದು ಈ ಬಳೆಯಂಚಿನದು.

ಕಟ್ಟೆಯನ್ನು ಹಿಂಡಿದ ಬಟ್ಟೆಯಲ್ಲಿ ಒರೆಸಿದೆ, ತೆಳುವಾಗಿ ಒದ್ದೆ ಉಳಿಯುವಷ್ಟು. ಬಳೆಯಂಚಿನ ಬಟ್ಟಲಿಗೆ ಕುದಿಯುವ ನೀರು ಹಾಕಿ ಇಟ್ಟೆ. ಒಂದು, ಎರಡು, ಮೂರು. ಬಟ್ಟಲು ಬೆರಳಗಲ ಜರುಗಿತು. ನಿಂತಿತು. ಆಮೇಲೆ ಸರ್ರನೆ ಹೋಗಿ ಸಿಂಕಿಗೆ ಬಿತ್ತು.

ನಾನು ಕಿರುಚಿದೆನಂತೆ. ಹೆಂಡತಿ ಕೈ ಸುಟ್ಟಿತು ಅಂದುಕೊಂಡು ಓಡಿಬಂದಳು.

ಮುಂದಿನ ಎರಡು ವಾರ ಸುಮ್ನೆ ಆಟ ಅನ್ನಿ. ಎಲ್ಲ ಸಲವೂ ನಡೆಯುವುದಿಲ್ಲ, ಆದರೆ ಹೆಚ್ಚು ಸಲ ನಡೆಯುತ್ತದೆ. ಕಲ್ಲು ಒಣಗಿದ್ದರೆ ಇಲ್ಲ. ಒದ್ದೆ ಕಲ್ಲು, ತಣ್ಣೀರು ಅಂದರೂ ಇಲ್ಲ. ನೀರು ಜಾಸ್ತಿ ನಿಂತಿದ್ದರೆ ಬಟ್ಟಲು ಸೋಮಾರಿಯಾಗುತ್ತದೆ. ಅಂಚು ನೆಗ್ಗಿದ ಬಟ್ಟಲು ಎಷ್ಟು ಕಾಯಿಸಿದರೂ ಕದಲುವುದಿಲ್ಲ. ನನಗೆ ಪೂರ್ತಿ ನಂಬಿಕೆ ಬಂದದ್ದು ಬೆಂಕಿಕಡ್ಡಿಯಿಂದ. ಚೆನ್ನಾಗಿ ಓಡುವ ಬಟ್ಟಲಿನ ಅಂಚಿನ ಕೆಳಗೆ ಒಂದು ಬೆಂಕಿಕಡ್ಡಿ ಸಿಕ್ಕಿಸಿ ಇಟ್ಟರೆ, ಅದೇ ಬಿಸಿ, ಅದೇ ಒದ್ದೆ, ಅದೇ ಇಳಿಜಾರು, ಬಟ್ಟಲು ಸತ್ತ ಹಾಗೆ ಕೂರುತ್ತದೆ. ಗಾಳಿ ಕಡ್ಡಿಯ ಪಕ್ಕದಿಂದ ಹೊರಗೆ ಹೋಗಿಬಿಟ್ಟಿದೆ.

ಬಣ್ಣದ ಪ್ರಯೋಗವನ್ನೂ ಮಾಡಿದೆ. ಬೀಟ್‌ರೂಟ್ ಬೇಯಿಸಿದ ನೀರನ್ನು ಕಟ್ಟೆಗೆ ಸವರಿದೆ. ಕಪ್ಪು ಕಲ್ಲಿನ ಮೇಲೆ ಕೆಂಪು ಕಾಣುವುದಿಲ್ಲ ಅಂತ ಆಮೇಲೆ ಹೊಳೆಯಿತು. ಹಳೆಯ ಫೋಟೋದ ಕಟ್ಟು ಬಿಚ್ಚಿ ಗಾಜು ತೆಗೆದು, ಎರಡು ಡಬ್ಬಗಳ ಮೇಲಿಟ್ಟು, ಕೆಳಗಿನಿಂದ ನೋಡಿದೆ. ಅಂಚಿನ ಸುತ್ತ ಕೆಂಪು ನೀರಿನ ಒಂದು ಬಳೆ. ಬಟ್ಟಲು ಹೋಗುವಾಗ ಆ ಬಳೆಯೂ ಮುರಿಯದೆ ಜೊತೆಗೇ ಹೋಗುತ್ತದೆ. ಆಮೇಲೆ ಒಂದು ಕಡೆ ಅದು ತೆಳುವಾಗುತ್ತದೆ, ಒಂದು ಗುಳ್ಳೆ ಪುಳಕ್ಕನೆ ಹೊರಗೆ ಜಿಗಿಯುತ್ತದೆ. ಬಟ್ಟಲು ನಿಂತುಬಿಡುತ್ತದೆ. ನಡುವೆ ನಿಂತದ್ದು ಯಾಕೆ ಅಂತ ಆಗ ಗೊತ್ತಾಯಿತು.

ಲೆಕ್ಕ

ಪ್ರೆಶರ್ ಕುಕ್ಕರ್ ನೆನಪಿಸಿಕೊಂಡರೆ ಇದು ಸುಲಭ. ಅಂಚಿನ ಸುತ್ತ ಇರುವ ನೀರೇ ಗ್ಯಾಸ್ಕೆಟ್. ತಗ್ಗಿನಲ್ಲಿ ಸಿಕ್ಕಿಕೊಂಡ ಗಾಳಿ ಸಾಂಬಾರಿನ ಬಿಸಿಗೆ ಹಿಗ್ಗುತ್ತದೆ, ಹೊರಗೆ ಹೋಗಲು ದಾರಿ ಇಲ್ಲ, ಬಟ್ಟಲನ್ನು ಎತ್ತುತ್ತದೆ. ಗುಳ್ಳೆ ಹೊರಬಿದ್ದರೆ ಅದು ವಿಷಲ್. ಒತ್ತಡ ಇಳಿಯುತ್ತದೆ, ಬಟ್ಟಲು ಕೂರುತ್ತದೆ, ಮತ್ತೆ ಕಾಯುತ್ತದೆ, ಮತ್ತೆ ಏಳುತ್ತದೆ.

ನನಗೆ ನಂಬಲು ಕಷ್ಟವಾದದ್ದು ಒಂದೇ. ಒಂದು ಚಿಟಿಕೆ ಗಾಳಿ ಸಾಂಬಾರು ತುಂಬಿದ ಬಟ್ಟಲನ್ನು ಎತ್ತುತ್ತದಾ? ಭಾವನನ್ನು ಕೂರಿಸಿಕೊಂಡು ಲೆಕ್ಕ ಹಾಕಿದೆವು.

ನಮ್ಮ ಬಟ್ಟಲು ನೀರು ಸೇರಿ ಸುಮಾರು 200 ಗ್ರಾಂ. ತಳದ ಬಳೆ 5 ಸೆಂಟಿಮೀಟರ್ ಅಗಲ, ಅಂದರೆ ಒಳಗಿನ ಜಾಗ ಹೆಚ್ಚುಕಡಿಮೆ 20 ಚದರ ಸೆಂಟಿಮೀಟರ್. ಹಂಚಿದರೆ ಒಂದು ಚದರ ಸೆಂಟಿಮೀಟರಿಗೆ ಬರೀ 10 ಗ್ರಾಂ ಭಾರ. ಇನ್ನು ನಮ್ಮ ಸುತ್ತಲಿನ ಗಾಳಿ ಒಂದು ಚದರ ಸೆಂಟಿಮೀಟರಿನ ಮೇಲೆ ಒತ್ತುವುದು ಸುಮಾರು 1 ಕಿಲೋ. ಅರಸೀಕೆರೆ ಸಮುದ್ರಕ್ಕಿಂತ ಬಹಳ ಮೇಲಿದೆ, ಅಲ್ಲಿ ಸ್ವಲ್ಪ ಕಡಿಮೆ. ಅಂತೂ ತಳದ ಗಾಳಿಯ ಒತ್ತಡ ನೂರಕ್ಕೆ ಒಂದರಷ್ಟು ಏರಿದರೆ ಬಟ್ಟಲಿನ ಭಾರ ಪೂರ್ತಿ ಅದರ ತಲೆಯ ಮೇಲೆ.

ನೂರಕ್ಕೆ ಒಂದು ಏರಲು ಎಷ್ಟು ಬಿಸಿ ಬೇಕು? ಹೈಸ್ಕೂಲಿನಲ್ಲಿ ಓದಿದ್ದೇ. ಮಾಮೂಲಿ ಬಿಸಿಯಲ್ಲಿರುವ ಗಾಳಿಗೆ ಹೊರಗೆ ಹೋಗಲು ಜಾಗ ಕೊಡದೆ ಒಂದು ಡಿಗ್ರಿ ಕಾಯಿಸಿದರೆ ಒತ್ತಡ ಹೆಚ್ಚುಕಡಿಮೆ 300ರಲ್ಲಿ ಒಂದು ಪಾಲು ಏರುತ್ತದೆ. ಅಂದರೆ ಮೂರು ಡಿಗ್ರಿ ಸಾಕು. ಬರೀ ಮೂರು! ಒದ್ದೆ ಕಲ್ಲಿನಿಂದ ಏಳುವ ನೀರಾವಿಯೂ ಇದಕ್ಕೆ ಕೈ ಜೋಡಿಸುತ್ತದೆ, ಅದನ್ನು ನಾವು ಲೆಕ್ಕಕ್ಕೇ ತಗೊಂಡಿಲ್ಲ. ಮೇಲೆ ಕೈ ಸುಡುವ ಸಾಂಬಾರು, ಕೆಳಗೆ ಡಿಸೆಂಬರಿನ ಕಲ್ಲು, ನಡುವೆ ಕಾಗದದಷ್ಟು ತೆಳುವಾದ ಸ್ಟೀಲು. ಮೂರು ಡಿಗ್ರಿ ಏರಲು ಎಷ್ಟು ಹೊತ್ತು ಬೇಕು? ಭಾವ ಪೆನ್ನು ಕೆಳಗಿಟ್ಟು, ‘ಹಾಗಾದರೆ ದಿನಾ ಎಲ್ಲ ಬಟ್ಟಲೂ ಓಡಬೇಕಲ್ಲ’ ಅಂದ. ನನಗೂ ಈಗ ಅದೇ ಆಶ್ಚರ್ಯ.

ಓಡದಿರಲು ಕಾರಣಗಳಿವೆ. ಬಟ್ಟಲು ತಟ್ಟೆಯ ಒಳಗಿರುತ್ತದೆ, ತಳ ಚಪ್ಪಟೆ ಇರುತ್ತದೆ, ಮೇಜು ಒಣಗಿರುತ್ತದೆ, ಇಳಿಜಾರು ಇರುವುದಿಲ್ಲ. ಅವತ್ತು ನಮ್ಮ ಮೇಜಿನಲ್ಲಿ ಒದ್ದೆ ಕಲ್ಲಿನ ಮೇಲೆ ನೇರವಾಗಿ ಕೂತಿದ್ದ ಬಿಸಿ ಪಾತ್ರೆ ನನ್ನದೊಂದೇ. ಕಾಫಿ ಬರುವ ಹೊತ್ತಿಗೆ ಕಲ್ಲು ಒಣಗಿತ್ತು. ಭಾವ ಇಡ್ಲಿ ಮುಳುಗಿಸದೆ ತಿನ್ನುವವನಾಗಿದ್ದರೆ ಎರಡು ಬಟ್ಟಲು ಓಡುತ್ತಿದ್ದವೇನೋ.

ಏಳುವುದು ಅಂದರೂ ಕಣ್ಣಿಗೆ ಕಾಣುವಷ್ಟು ಏನಲ್ಲ. ಭಾರ ಗಾಳಿಯ ಮೇಲೆ ಬಿತ್ತು, ಅಂಚು ಕಲ್ಲನ್ನು ಒತ್ತುವುದು ಬಿಟ್ಟಿತು, ನಡುವೆ ನೀರಿನ ಪದರ ಉಳಿಯಿತು. ಕೇರಂ ಬೋರ್ಡಿಗೆ ಬೋರಿಕ್ ಪುಡಿ ಜಾಸ್ತಿ ಬಿದ್ದಾಗ ಸ್ಟ್ರೈಕರ್ ಹೇಗೆ ಹೋಗುತ್ತದೋ ಹಾಗೆ. ಆಮೇಲೆ ಎಷ್ಟು ಚಿಕ್ಕ ಇಳಿಜಾರಾದರೂ ಸಾಕು. ಎಡಕ್ಕೆ ಬಾಗಿದ್ದು ಯಾಕೆ ಅನ್ನುವುದಕ್ಕೆ ನನ್ನ ಊಹೆ ಇಷ್ಟೇ: ಒಂದು ಕಡೆ ಗಾಳಿ ಸೋರುತ್ತಿತ್ತು, ಆ ಅಂಚು ಕಲ್ಲಿಗೆ ಉಜ್ಜುತ್ತಿತ್ತು, ಬಟ್ಟಲು ಅದರ ಸುತ್ತ ತಿರುಗಿಕೊಂಡಿತು. ನಮ್ಮ ಅಡುಗೆಕಟ್ಟೆಯ ಮೇಲೂ ಕೆಲವು ಬಟ್ಟಲುಗಳಿಗೆ ಈ ಚಾಳಿ ಇದೆ.

ಗಾಳಿಯ ಮೇಲೆ ಭಾರ ಹೊರಿಸುವ ಈ ಉಪಾಯದಿಂದ ಒಂದು ವಾಹನವನ್ನೇ ಮಾಡಿದ್ದಾರೆ, ಹೋವರ್‌ಕ್ರಾಫ್ಟ್. ಇಂಗ್ಲೆಂಡಿನ ಕ್ರಿಸ್ಟೋಫರ್ ಕಾಕೆರೆಲ್ ಶುರು ಮಾಡಿದ್ದು ಎರಡು ಖಾಲಿ ಡಬ್ಬಗಳಿಂದ. ಒಂದು ಬೆಕ್ಕಿನ ತಿಂಡಿಯ ಡಬ್ಬ, ಇನ್ನೊಂದು ಕಾಫಿ ಡಬ್ಬ. ಒಂದರೊಳಗೆ ಒಂದಿಟ್ಟು ನಡುವೆ ಗಾಳಿ ಊದಿ ನೋಡಿದ. 1959ರ ಜುಲೈ 25ರಂದು ಅವನ ಹೋವರ್‌ಕ್ರಾಫ್ಟ್ ಇಂಗ್ಲಿಷ್ ಕಡಲ್ಗಾಲುವೆ ದಾಟಿತು. ಅಲ್ಲಿ ಗಾಳಿ ಊದಲು ಎಂಜಿನ್ ಬೇಕು, ಇಲ್ಲಿ ಸಾಂಬಾರು ಸಾಕು. ಇದನ್ನು ಹೇಳಿದಾಗ ಮೇಷ್ಟ್ರು ಗೆಳೆಯ, ‘ಲೈಡನ್‌ಫ್ರಾಸ್ಟ್ ಅಂದಿದ್ದೆನಲ್ಲ, ಹತ್ತಿರ ಇತ್ತು’ ಅಂದ. ಹತ್ತಿರ ಏನೋ ಇತ್ತು.

ಮತ್ತೆ ಅದೇ ಹೋಟೆಲು

ಫೆಬ್ರವರಿಯಲ್ಲಿ ಒಂದು ಮದುವೆಗೆ ಆ ಕಡೆ ಹೋಗುವುದಿತ್ತು. ಬೇಕೆಂದೇ ಬೆಳಗಿನ ಗಾಡಿ ಹಿಡಿದು ಅರಸೀಕೆರೆಯಲ್ಲಿ ಇಳಿದೆ. ಅದೇ ಮೇಜು ಖಾಲಿ ಇತ್ತು. ಬಗ್ಗಿ ನೋಡಿದೆ, ರಟ್ಟು ಇರಲಿಲ್ಲ, ಅದರ ಜಾಗದಲ್ಲಿ ಒಂದು ಮರದ ಚಕ್ಕೆ. ಹನಿ ಬಿಟ್ಟರೆ ಈ ಸಲ ಗೋಡೆಯ ಕಡೆಗೆ ಹರಿಯಿತು.

ಇಡ್ಲಿ ವಡೆ ಹೇಳಿದೆ, ಸಾಂಬಾರು ಬೇರೆ ಬಟ್ಟಲಿನಲ್ಲಿ ಅಂದೆ. ಅದೇ ಹುಡುಗ. ಭುಜದ ಮೇಲಿನ ಬಟ್ಟೆ ತೆಗೆದು ಮೇಜು ಒರೆಸಿದ, ಕಮಾನು ಕಮಾನಾಗಿ. ತಟ್ಟೆ ಇಟ್ಟ. ಬಟ್ಟಲು ಇಟ್ಟ. ಕಣ್ಣು ಪಕ್ಕದ ಮೇಜಿನ ಮೇಲಿತ್ತು, ಅಲ್ಲಿ ಯಾರೋ ಚಟ್ನಿ ಕೇಳುತ್ತಿದ್ದರು. ಬಟ್ಟಲಿನಿಂದ ಕೈ ತೆಗೆದ. ಆದರೆ ಕಿರುಬೆರಳು ತೆಗೆಯಲಿಲ್ಲ. ಅದು ಬಟ್ಟಲಿನ ಮುಂದೆ ಕಲ್ಲಿಗೆ ಒತ್ತಿಕೊಂಡು ನಿಂತಿತ್ತು, ಎರಡು ಮೂರು ಕ್ಷಣ. ಆಮೇಲೆ ಇನ್ನೊಂದು ಕೈಯಿಂದ ಉಪ್ಪಿನ ಡಬ್ಬಿ ಎಳೆದು ಬಟ್ಟಲಿಗೆ ಅಡ್ಡ ಇಟ್ಟ.

‘ಅದ್ಯಾಕೆ ಹಾಗೆ?’ ಅಂದೆ.

ಅವನು ನನ್ನನ್ನು ನೋಡಿದ. ಗೊತ್ತಿಲ್ಲದವರನ್ನು ನೋಡುವ ಹಾಗೆ.

‘ಓಡ್ತದಲ್ಲ ಸಾರ್’ ಅಂದು ಚಟ್ನಿ ತರಲು ಹೋದ.